ಒತ್ತಿ, ಒಂದು ಉಸಿರು ಬಿಟ್ಟು

ಹೈಮಾದ ಯಾರ್ಡಿನಲ್ಲಿ ಬೆಳಗಿನ ಆರಕ್ಕೇ
ತಗಡು ಕಾದಿರುತ್ತದೆ.
ಟ್ಯಾಂಕರಿನ ನೆತ್ತಿ ಹತ್ತಿ, ಮೊಣಕಾಲಡಿಗೆ ರಟ್ಟು ಹಾಸಿ
ನೂಲು ಹಿಡಿದು ನಟ್ಟನಡುವೆ ಗುರುತು ಹಾಕುತ್ತೇನೆ.
ಅಂಚಿಗೆ ಬೇಡ. ಅಂಚಿಗಿಟ್ಟ ಆಂಟೆನಾಕ್ಕೆ
ಒಂದೇ ಕಡೆಯ ಮಾತು ಕೇಳುತ್ತದೆ, ಕೆಲವು ಮೇಸ್ತ್ರಿಗಳ ಹಾಗೆ.

ಹೊಸ ಗಾಡಿಗೆ ತೂತು ಕೊರೆಯುವಾಗ
ಹನ್ನೆರಡು ವರ್ಷದ ಮೇಲೂ ಕೈ ಒಂದು ಗಳಿಗೆ ತಡೆಯುತ್ತದೆ.
ಹತ್ತೊಂಬತ್ತು ಮಿಲಿಮೀಟರು.
ಸುತ್ತ ಬಣ್ಣ ಕೆರೆದು ಬರೀ ಲೋಹ ಕಾಣಿಸಬೇಕು,
ಮೇಲೆ ರಬ್ಬರು, ಗ್ರೀಸು. ಇಲ್ಲಿ ಮಳೆ ಅಪರೂಪ,
ಬಂದ ದಿನ ಮಾತ್ರ ಡ್ರೈವರನ ನೆತ್ತಿಯನ್ನೇ ಹುಡುಕಿ ಬರುತ್ತದೆ.

ಬ್ಯಾಟರಿಯಿಂದ ನೇರ ಎರಡು ತಂತಿ, ಎರಡಕ್ಕೂ ಫ್ಯೂಸು.
ಸಿಗರೇಟು ಲೈಟರಿನಿಂದ ಎಳೆದರೆ ಸಾಲದೇ ಎಂದು
ಫೋರ್‌ಮನ್ ಕೇಳುತ್ತಾನೆ. ಸಾಲುತ್ತದೆ,
ಇಂಜಿನ್ನಿನ ಗೊಣಗಾಟವನ್ನೂ ಜೊತೆಗೆ ಕೇಳುವುದಾದರೆ.

ಆಂಟೆನಾ ಅಂದರೆ ಗೇಣಿಗೆ ನಾಲ್ಕು ಬೆರಳು ಕಮ್ಮಿ, ಅಷ್ಟೇ ಕಡ್ಡಿ.
ಮೀಟರು ನೋಡುತ್ತ ಅಕ್ಕಿಕಾಳಿನಷ್ಟು ಕತ್ತರಿಸಬೇಕು.
ಎರಡಿದ್ದದ್ದು ಒಂದೂವರೆ. ಇನ್ನೊಂದು ಕಾಳು. ಒಂದೂಕಾಲು. ಸಾಕು.
ಹೆಚ್ಚು ಕತ್ತರಿಸಿದ್ದನ್ನು ಅಂಟಿಸುವ ಗೋಂದು
ದುಬೈಯಲ್ಲೂ ಸಿಗುವುದಿಲ್ಲ.

ಕಲಿಸುವುದು ಕಷ್ಟ.
ಒತ್ತು, ಒಂದು ಉಸಿರು ಬಿಡು, ಆಮೇಲೆ ಮಾತಾಡು.
ಒತ್ತಿದ ಕೂಡಲೇ ಬಾಯಿ ತೆರೆದರೆ
ಗುಡ್ಡದ ಮೇಲಿನ ರಿಪೀಟರು ಕಣ್ಣು ಬಿಡುವಷ್ಟರಲ್ಲಿ
ಮೊದಲಕ್ಷರ ಹೋಗಿರುತ್ತದೆ.
(ಈ ರೋಗ ನನಗೇ ಹತ್ತಿದೆ. ಗಂಗೊಳ್ಳಿಗೆ ಫೋನು ಹಚ್ಚಿದಾಗ
ಮಾತು ಮುಗಿಸಿ ಸುಮ್ಮನೆ ಕಾಯುತ್ತೇನೆ,
ಲೈನು ಕಟ್ಟಾಯಿತಾ ಎನ್ನುತ್ತಾಳೆ ಜುಲೈಖಾ.)

ಸೊಹಾರಿನ ಬಲೂಚಿ ಶಂಬೆಗೆ ಮಾತ್ರ ಇದು ತಲೆಗೇ ಹೋಗಲಿಲ್ಲ.
ಅವನ ಹೆಸರಿಗಿರುವುದೇ ಎರಡಕ್ಷರ,
ಅದರಲ್ಲೊಂದನ್ನು ದಿನಾ ಮರಳಿಗೆ ಕೊಟ್ಟು
"ಬೆ" ಎಂದಷ್ಟೇ ನಮಗೆ ಮುಟ್ಟುತ್ತಿದ್ದ.
ಬೇಸಿನಲ್ಲಿ ಕೂತ ಶಿರ್ವದ ಲಾದ್ರು
"ಬೋಲೋ ಬಕ್ರಿ" ಅಂದರೆ
ನಲವತ್ತು ಗಾಡಿಯೂ ನಗುತ್ತಿದ್ದವು. ಅವನೂ.

ಜನವರಿಯ ಮಂಜು, ನೋಡದವರು ನಂಬುವುದಿಲ್ಲ,
ಮರುಭೂಮಿಯಲ್ಲಿ, ಬಾನೆಟ್ಟು ಕಾಣದಷ್ಟು.
ರಾತ್ರಿ ಎರಡೂ ಹತ್ತು. ರಿಗ್ಗಿಗೆ ನೀರು ಒಯ್ದವನ ಸುದ್ದಿಯಿಲ್ಲ.
ಲಾದ್ರು ಕರೆದ, ಕರೆದ.
ನಾನು ಕಂಬಳಿ ಹೊದ್ದು ಅವನ ಬೆನ್ನ ಹಿಂದೆ ನಿಂತು
ಒಂದೊಂದೇ ಗಂಟು ನೆನೆಯುತ್ತಿದ್ದೆ,
ಫ್ಯೂಸು, ಕನೆಕ್ಟರು, ಮೈಕಿನ ಸುರುಳಿ ವಯರು.
ಸುರುಳಿ ವಯರು.
ಹೋದ ವಾರ ತಂದು ತೋರಿಸಿದ್ದ,
ಟೇಪು ಸುತ್ತಿ, ನಾಳೆ ಬಾ ಎಂದಿದ್ದೆ.

ಆಗ ಹಸಿರು ದೀಪ ಹತ್ತಿತು. ಮಾತಿಲ್ಲ.
ಆರುವಾಗ ಒಂದು ಕ್ಷಶ್. ಮತ್ತೆ ಹತ್ತಿತು.
"ಶಂಬೆ, ನೀನೇನಾ? ಹೌದಿಗೆ ಎರಡು ಒತ್ತು, ಇಲ್ಲಕ್ಕೆ ಒಂದು."
ಎರಡು.
"ಪೆಟ್ಟಾಗಿದೆಯಾ?"
ಒಂದು. ನಾವಿಬ್ಬರೂ ಇನ್ನೊಂದು ಬರಬಾರದೆಂದು
ದೀಪವನ್ನೇ ನೋಡುತ್ತ ನಿಂತೆವು.
"ಎಷ್ಟನೇ ಕಿಲೋಮೀಟರು? ಹತ್ತಕ್ಕೊಂದು ಒತ್ತು."
ಲಾದ್ರು ಬೆರಳು ಮಡಚಿದ. ನಾಲ್ಕು.
ತುಸು ತಡೆದು ಐದನೆಯದು, ಹತ್ತಿದೊಡನೆ ಆರಿತು.
"ಅರ್ಧ ಒತ್ತಿದ್ದಾನೆ ಮಾರಾಯ, ನಲವತ್ತೈದು."
ಅಲ್ಲಿಯವರೆಗೆ ಅವನು ಹೇಳಿದ್ದರಲ್ಲಿ
ತುಂಡಾಗದೆ ಬಂದದ್ದು ಅದೊಂದೇ.

ಬೆಳಕು ಹರಿದ ಮೇಲೆ ಹೋದೆವು. ನಲವತ್ತಾರರಲ್ಲಿ ಸಿಕ್ಕ,
ಟಯರಿನ ಮರೆಗೆ ಚಹಾ ಕಾಯಿಸುತ್ತ.
ಬೈಯಲಿಲ್ಲ. ಮೈಕನ್ನು ನನ್ನ ಕೈಗಿಟ್ಟು
ಗ್ಲಾಸು ತೊಳೆಯಲು ಹೋದ, ಅದೇ ಬೈಗುಳಕ್ಕಿಂತ ಹೆಚ್ಚಾಯಿತು.
ಕುಕ್ಕರಗಾಲಲ್ಲಿ ಕೂತು ಅಲ್ಲೇ ಹೊಸ ವಯರು ಹಾಕಿದೆ.

ಪರೀಕ್ಷೆಗೆ ಅವನೇ ಒತ್ತಿದ.
ಒಂದು ಉಸಿರು ಬಿಟ್ಟ, ಸರಿಯಾಗಿ, ನಾನು ಕಲಿಸಿದಷ್ಟೇ ಉದ್ದ.
ಆಮೇಲೆ ಬಾಯ್ತುಂಬ
"ಬೆ" ಎಂದ.